ಸಾವಯವ ಪುಡಿಗೆ ಬೇಕಾದ ಒಂದು ಸಹಿ

ಸಾಹುಕಾರ ಮುರಿಗೆಪ್ಪನವರು ಪನೀರು ಮಾಡಿ ಉಳಿದ ನೀರನ್ನು ಒಣಗಿಸಿ ಪ್ರೋಟೀನ್ ಪುಡಿ ಮಾರುತ್ತಿದ್ದರು. ಡಬ್ಬಿಯ ಮೇಲೆ 'ಸಾವಯವ' ಎಂದು ಬಿದ್ದರೆ ಬೆಲೆ ದುಪ್ಪಟ್ಟು. ಒಂದು ಬೆಳಿಗ್ಗೆ ಊರಿನ ಹಾಲಿನ ಡೇರಿಗೆ ಬಂದು ಗುಮಾಸ್ತನ ಮುಂದೆ ಅರ್ಜಿ ಎಸೆದರು.

"ನಮ್ಮೂರ ಹಸುಗಳೆಲ್ಲ ಸಾವಯವ ಅಂತ ಬರೆದು ಸೀಲು ಹಾಕು. ಇಲ್ಲಾಂದ್ರೆ ನಾಳೆ ಈ ಕುರ್ಚಿ ನನ್ನ ಅಳಿಯನದು."

"ಆಗಲಿ ಸಾಹುಕಾರ್ರೆ. ಆದ್ರೆ ಪರೀಕ್ಷೆಗೆ ಬರೋರು ಡಬ್ಬಿ ಒಂದನ್ನೇ ನೋಡಲ್ಲ, ಹಸು ತಿಂದ ಮೇವನ್ನೂ ನೋಡ್ತಾರೆ. ಮೇವು ಬೆಳೆದ ಹೊಲಕ್ಕೆ ಮೂರು ವರ್ಷದಿಂದ ಯೂರಿಯಾ ಬಿದ್ದಿರಬಾರದು."

"ಬಿದ್ದಿಲ್ಲ ಅಂತ ಬರಿ!"

ಗುಮಾಸ್ತ ಮುದ್ದಾಗಿ ಬರೆದ. ಸೀಲನ್ನು ಕೈಯಲ್ಲಿ ಹಿಡಿದುಕೊಂಡೇ ಕಾಗದ ತಿರುಗಿಸಿಟ್ಟ.

"ಇಲ್ಲಿ ಗೊಬ್ಬರದಂಗಡಿಯವರ ಸಹಿ ಬೇಕು. ಮೂರು ವರ್ಷದಿಂದ ಈ ಊರಿಗೆ ಒಂದು ಚೀಲ ಯೂರಿಯಾನೂ ಮಾರಿಲ್ಲ ಅಂತ. ಅದು ಬಿದ್ದ ಕೂಡಲೇ ನನ್ನ ಸೀಲು."

ಊರಿಗೆ ಇದ್ದದ್ದು ಒಂದೇ ಗೊಬ್ಬರದಂಗಡಿ, ಮುರಿಗೆಪ್ಪನವರದು. ವರ್ಷವರ್ಷವೂ ಸರ್ಕಾರದ ಸಬ್ಸಿಡಿಯಲ್ಲಿ ಎಂಟು ಲಾರಿ ಯೂರಿಯಾ ಇಳಿಸುತ್ತಿದ್ದರು.

ಸಹಿಗೆಂದು ಸಾಹುಕಾರರು ಎತ್ತಿದ ಪೆನ್ನು ಗಾಳಿಯಲ್ಲೇ ನಿಂತಿತು. "ಮಾರಿಲ್ಲ ಅಂದ್ರೆ, ಆ ಲಾರಿಗಳೆಲ್ಲ ಎಲ್ಲಿ ಹೋದ್ವು ಅಂತ ಕೇಳ್ತಾರಲ್ಲೋ?"

"ಕೇಳೇ ಕೇಳ್ತಾರೆ. ಪನೀರಿಗೆ ಹಾಕಿದೆ ಅಂತ ಮಾತ್ರ ಹೇಳಬೇಡಿ."

ಸಾಹುಕಾರರು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಳಿಸಿದರು. ಬಾಗಿಲವರೆಗೆ ಹೋಗಿ ತಿರುಗಿ ನೋಡಿದರು.

"ಆ ಕುರ್ಚಿ ನನ್ನ ಅಳಿಯನಿಗೆ ಒಗ್ಗಲ್ಲ ಬಿಡು. ನೀನೇ ಕೂತ್ಕೋ."