ತಲೆದೂಗಿದ ತಲೆಗಳ ಲೆಕ್ಕ

"ಮುದ್ದುವೀರ ಮಹಾರಾಜರ ಅಪ್ಪಣೆ! ಪ್ರಭುಗಳು ತಮ್ಮ ಮೀಸೆಯ ಮೇಲೆ ತಾವೇ ಬರೆದ ನಲವತ್ತು ಸಾಲಿನ ಪದ್ಯಕ್ಕೆ ತಲೆದೂಗಿದವರ ಲೆಕ್ಕ ಊರಿಗೊಂದು ಬಗೆಯಾಗಿದೆ. ಈ ಕುರಿತು ಮೂರು ಒಗಟು ಕೇಳಲಾಗುವುದು. ಬಿಡಿಸಿದವರಿಗೆ ಬೇಡಿದ್ದು ಸಿಗುವುದು, ಒಂದು ತಪ್ಪಿದರೂ ತಲೆ ಹೋಗುವುದು. ಹುಣ್ಣಿಮೆಯೊಳಗೆ ಯಾರೂ ಬಿಡಿಸದಿದ್ದರೆ ಮೇಲ್ದೊಡ್ಡಿಯ ಗಡಿಗೆ ಕಾಯುವ ಸಂಗವ್ವಳೇ ಕಳ್ಳಿಯೆಂದು ಅವಳನ್ನು ಗಲ್ಲಿಗೇರಿಸಲಾಗುವುದು!"

ಡಂಗುರದವನ ಬಾಯಲ್ಲಿ ಅಕ್ಕನ ಹೆಸರು ಕೇಳಿದಾಗ ಮಾಳಿಂಗ ಬಾವಿಕಟ್ಟೆಯ ಮೇಲೆ ಕೂತು ಕಾಲಿನ ಮುಳ್ಳು ತೆಗೆಯುತ್ತಿದ್ದ. ಊರಿನ ಸುದ್ದಿ ಹೊತ್ತು ಅರಮನೆಗೆ ಓಡುವುದೇ ಅವನ ಕಸುಬು. ಅಕ್ಕನನ್ನು ನಿನ್ನೆಯೇ ಹಿಡಿದೊಯ್ದಿದ್ದರು. ಅವನಿಗೆ ತಾಯಿ, ತಂದೆ ಎಲ್ಲವೂ ಅವಳೇ. ಮುಳ್ಳು ಪೂರ್ತಿ ಬರುವ ಮೊದಲೇ ಅವನು ಎದ್ದು ಹೊರಟ.

ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ಈ ಅರಸನಿಗೂ ಕೆಲಸವಿರಲಿಲ್ಲ. ತನ್ನ ಪದ್ಯವನ್ನು ಅರಮನೆಯಲ್ಲೂ ಹಾಲುಗುಂದಿ, ಮೇಲ್ದೊಡ್ಡಿಗಳ ಚಾವಡಿಯಲ್ಲೂ ತೂಗುಹಾಕಿಸಿ, ಅದರ ಕೆಳಗೊಂದು ಗಡಿಗೆ ಇಡಿಸಿದ್ದ. ಪದ್ಯ ಕೇಳಿ ತಲೆದೂಗಿದವರು ಅದರಲ್ಲಿ ಒಂದು ಹುಣಸೆ ಬೀಜ ಹಾಕಬೇಕು. ಒಬ್ಬನ ಮೀಸೆಗಾಗಿ ಮೂರು ಊರಿನವರು ಹುಣಸೆ ಬೀಜ ಎಣಿಸುತ್ತ ಕೂತಿದ್ದರು.

ಸಭೆಯಲ್ಲಿ ಮಾಳಿಂಗನಿಗಿಂತ ಮುಂದೆ ಇಬ್ಬರು ನಿಂತಿದ್ದರು. ಅರಸ ಮೊದಲ ಒಗಟು ಹೇಳಿದ. "ಪದ್ಯ ಒಂದೇ. ಅರಮನೆಯ ಗಡಿಗೆಯಲ್ಲಿ ಒಂಬೈನೂರ ಹನ್ನೆರಡು ಬೀಜ, ಹಾಲುಗುಂದಿಯಲ್ಲಿ ನಲವತ್ತು, ಮೇಲ್ದೊಡ್ಡಿಯಲ್ಲಿ ಏಳು. ಕಳ್ಳ ಗಡಿಗೆ ಯಾವುದು?"

ಆಸ್ಥಾನದ ಪಂಡಿತ ಕೈಮುಗಿದ. "ಅರಮನೆಯದು ಸತ್ಯ ಪ್ರಭು. ಹೊರಗಿನವೆರಡೂ ಕಳ್ಳ."

"ಎರಡು ಊರಿಗೆ ಊರೇ ನನ್ನನ್ನು ಮೆಚ್ಚುವುದಿಲ್ಲ ಎನ್ನುತ್ತೀಯಾ?" ಎಂದ ಅರಸ. ಪಂಡಿತನ ತಲೆ ಹೋಯಿತು.

ದಂಡನಾಯಕ ಜಾಣನಾಗಲು ನೋಡಿದ. "ಅರಮನೆಯದೇ ಕಳ್ಳ ಪ್ರಭು. ಲಕ್ಷ ಬೀಜ ಇರಬೇಕಾಗಿತ್ತು."

"ನನ್ನ ಮನೆಯಲ್ಲೇ ಕಳ್ಳತನವೇ?" ಎಂದ ಅರಸ. ದಂಡನಾಯಕನದೂ ಹೋಯಿತು. ದೂಗಿದ ತಲೆಗಳನ್ನು ಎಣಿಸಲು ಹೋಗಿ ಉರುಳಿದ ತಲೆಗಳು ಎರಡಾದವು. ಉತ್ತರ ಅರಸನಿಗೇ ಗೊತ್ತಿಲ್ಲ, ಕಿವಿಗೆ ಹಿತವಾಗದ್ದೆಲ್ಲ ಅವನಿಗೆ ತಪ್ಪು. ಇದು ಮಾಳಿಂಗನಿಗೆ ಆಗಲೇ ತಿಳಿದುಹೋಯಿತು. ಆದರೂ ಅಕ್ಕನ ಮುಖ ನೆನೆದು ಮುಂದೆ ಬಂದ.

"ಯಾವ ಗಡಿಗೀನೂ ಕಳ್ಳ ಅಲ್ರಿ, ಧಣ್ಯಾರ. ಗಡಿಗಿ ತನ್ನ ಮುಂದ ಬಿದ್ದ ಬೀಜ ಅಷ್ಟs ಬಲ್ಲದು. ಹಾಲುಗುಂದಿ ಸುದ್ದಿ ಮೇಲ್ದೊಡ್ಡಿಗೆ ಯಾರೂ ಒಯ್ಯಂಗಿಲ್ಲ, ಮೇಲ್ದೊಡ್ಡೀದು ಹಾಲುಗುಂದಿಗೆ ಹೋಗಂಗಿಲ್ಲ. ಆದ್ರ ಪದ್ಯ ನಿಮ್ಮದು, ಅದಕ್ಕ ಎರಡೂ ಊರಿನ ಸುದ್ದಿ ಇಲ್ಲಿಗೆ ಬರ್ತದ. ಬಂದಷ್ಟು ಬೀಜ ನಿಮ್ಮವರು ಈ ಗಡಿಗೀಗೆ ಸೇರಸ್ತಾರ. ಅರಮನಿ ಮಂದೀದು ಎಂಟುನೂರಾ ಅರವತ್ತೊಂದು, ಹಾಲುಗುಂದೀದು ನಲವತ್ತು, ನಮ್ಮೂರಿಂದು ಹನ್ನೊಂದು. ಕೂಡಿಸಿ ನೋಡ್ರಿ."

ಕರಣಿಕ ಕೂಡಿಸಿದ. ಒಂಬೈನೂರ ಹನ್ನೆರಡೇ ಬಂತು. ಸಭೆ ಉಸಿರು ಬಿಡುವಷ್ಟರಲ್ಲಿ ಅರಸ ಕಣ್ಣು ಕಿರಿದು ಮಾಡಿದ. "ಮೇಲ್ದೊಡ್ಡಿಯದು ಹನ್ನೊಂದು ಎಂದೆ. ಅಲ್ಲಿಯ ಗಡಿಗೆಯಲ್ಲಿರುವುದು ಏಳು. ಇದೇ ಎರಡನೆಯ ಒಗಟು. ಒಮ್ಮೆ ದೂಗಿದ ನಾಲ್ಕು ತಲೆ ಎಲ್ಲಿ ಹೋದವು?"

ಬೀಜ ಬಿದ್ದ ಸುದ್ದಿ ತಂದವನು ಮಾಳಿಂಗನೇ, ತೆಗೆದ ಸುದ್ದಿಯನ್ನು ತಾ ಎಂದು ಯಾರೂ ಹೇಳಿರಲಿಲ್ಲ. ಅದಕ್ಕೇ ಅರಮನೆಯಲ್ಲಿ ಹನ್ನೊಂದು ಹಾಗೇ ಉಳಿದಿತ್ತು. ಇಷ್ಟು ಅವನಿಗೆ ಗೊತ್ತಿತ್ತು. ತೆಗೆದವರು ಯಾರು, ಏಕೆ ಎಂಬುದು ಗೊತ್ತಿರಲಿಲ್ಲ. ಪದ್ಯ ಪೂರ್ತಿ ಕೇಳಿ ಬೇಸತ್ತು ತೆಗೆದಿರಬೇಕು ಎಂದುಕೊಂಡ. ಅದನ್ನೇ ಸ್ವಲ್ಪ ಬೆಲ್ಲ ಸವರಿ ಹೇಳಿದ.

"ಮೊದಲ ಸಾಲು ಕೇಳಿ ಬೀಜ ಹಾಕಿದ್ರು. ಕಡೀ ಸಾಲು ಕೇಳಿದ ಮ್ಯಾಲೆ, ಇಂಥಾ ಪದ್ಯಕ್ಕ ಬರೇ ಹುಣಸಿ ಬೀಜ ಹಾಕೂದು ಅವಮಾನ ಅಂತ ನಾಚಿ ತಕ್ಕೊಂಡ್ರು."

ಅರಸನ ಮೀಸೆ ಕುಣಿಯಿತು. "ಸರಿ, ಸರಿ. ಕೊನೆಯದು ಇದು. ಹಾಗಾದರೆ ನಿಜವಾಗಿ ದೂಗಿದ ತಲೆ ಎಷ್ಟು?"

"ಅದನ್ನ ಗಡಿಗ್ಯಾಗ ನೋಡಿದ್ರ ಸಿಗಂಗಿಲ್ರಿ. ಕತ್ತಿಯವರನ್ನ ಹೊರಗ ಕಳಸ್ರಿ. ನೀವು ಊಟಕ್ಕ ಹೊಂಟವರ ಹಂಗ ಮಾಡಿ ತೆರಿ ಹಿಂದ ನಿಂತು ನೋಡ್ರಿ. ಪದ್ಯ ನಾ ಹೇಳ್ತೀನಿ, ನನಗ ಬಾಯಿಪಾಠ ಐತಿ."

ಅರಸ ಹಾಗೆಯೇ ಮಾಡಿದ. ಮಾಳಿಂಗ ನಲವತ್ತು ಸಾಲೂ ಹೇಳಿದ. ನಿನ್ನೆಯವರೆಗೆ ಕತ್ತು ನೋಯುವಂತೆ ತಲೆದೂಗುತ್ತಿದ್ದ ಮಹನೀಯರಲ್ಲಿ ಒಬ್ಬ ಆಕಳಿಸಿದ, ಇನ್ನೊಬ್ಬ ಎಲೆಗೆ ಸುಣ್ಣ ಹಚ್ಚುತ್ತ ಕೂತ. ಎಂಬತ್ತು ದಾಟಿದ ಕಿವುಡ ಮಂತ್ರಿಯದು ಮಾತ್ರ ತಲೆ ದೂಗುತ್ತಲೇ ಇತ್ತು. ಮುಪ್ಪಿನ ನಡುಕದಿಂದ ಅದು ಹತ್ತು ವರ್ಷಗಳಿಂದ ಹಾಗೆಯೇ ದೂಗುತ್ತಿತ್ತು.

"ಒಂದು," ಎಂದ ಮಾಳಿಂಗ, ತೆರೆಯ ಕಡೆ ತಿರುಗಿ.

ಅರಸ ಹೊರಗೆ ಬಂದು ಮಂತ್ರಿಯನ್ನೇ ದಿಟ್ಟಿಸಿದ. "ಪದ್ಯ ಮುಗಿದರೂ ಇವನು ನಿಲ್ಲಿಸಿಲ್ಲ," ಎಂದು ಗದ್ಗದನಾಗಿ ಮುದುಕನನ್ನು ತಬ್ಬಿಕೊಂಡ. ಇಂಥವನ ಕೈಯಲ್ಲಿತ್ತು ರಾಜ್ಯ. ಅರ್ಧ ರಾಜ್ಯ ಬೇಕೇ ಎಂದು ಕೇಳಿದ್ದಕ್ಕೆ ಮಾಳಿಂಗ, ಅಕ್ಕ ಸಾಕು, ನಮ್ಮೂರಿಗೆ ಇನ್ನು ಗಡಿಗೆ ಬೇಡ ಎಂದ. ಎರಡೂ ಸಿಕ್ಕವು.

ದಾರಿಯಲ್ಲಿ ಅವನು ಅಕ್ಕನನ್ನು ಕೇಳಿದ. "ಯಕ್ಕಾ, ಖರೇ ಹೇಳು, ನಮ್ಮೂರಾಗ ಬೀಜ ಹಾಕಿದವರು ಯಾರ್ಯಾರು?"

"ಒಬ್ಬರೂ ಹಾಕಲಿಲ್ಲೋ ತಮ್ಮಾ. ಬರೀ ಗಡಿಗಿ ಕಂಡ್ರ ಆ ಪುಣ್ಯಾತ್ಮ ಊರಿಗೆ ಬೆಂಕಿ ಹಚ್ಚತಾನಂತ ಹನ್ನೊಂದೂ ನಾನs ಹಾಕಿದೆ, ದಿನಾ ಒಂದೊಂದು."

"ಮತ್ತ ಆ ನಾಲ್ಕು?"

"ಚೌಕಾಬಾರಾ ಆಡಾಕ ಹುಡುಗೋರು ಒಯ್ದ್ವು."

ಹನ್ನೊಂದು ಸಲ ಅರಮನೆಗೆ ಓಡಿದ್ದ ತನ್ನ ಕಾಲನ್ನು ಮಾಳಿಂಗ ನೋಡಿಕೊಂಡ. ಮುರಿದ ಮುಳ್ಳು ಇನ್ನೂ ಅಲ್ಲೇ ಇತ್ತು. ಅಕ್ಕ ಅವನನ್ನು ದಾರಿಯಲ್ಲೇ ಕೂರಿಸಿ, ಅದನ್ನು ಕಿತ್ತು ತೆಗೆದಳು. ಅರಮನೆಯ ಗಡಿಗೆಯಲ್ಲಿ ಮಾತ್ರ ಮೇಲ್ದೊಡ್ಡಿಯವು ಇವತ್ತಿಗೂ ಹನ್ನೊಂದೇ ಇವೆ, ನಂಬುವವರು ಹೋಗಿ ಎಣಿಸಿಕೊಳ್ಳಲಿ.