ಹೆಚ್ಚು ಹಸಿದವನಿಗೆ ಅರ್ಧ ಲೋಟ

"ಗುರುಗಳೇ, ಮುರಿಗೆಪ್ಪನಿಗೆ ದಿನಕ್ಕೆ ನಾಲ್ಕು ಸೂತ್ರ ಹೇಳಿಕೊಡುತ್ತೀರಿ. ನನಗೆ ಒಂದೇ ಒಂದು. ಅವನು ಮಠಕ್ಕೆ ಬಂದು ಇನ್ನೂ ಆರು ತಿಂಗಳಾಗಿಲ್ಲ. ನಾನು ಬಂದು ಎರಡು ವರ್ಷವಾಯಿತು. ನನ್ನಲ್ಲಿ ಏನು ಕಡಿಮೆ?"

ಹೀಗೆ ಕೇಳಿದವನು ಶಂಭುಲಿಂಗ. ಮೂವತ್ತು ದಾಟುವ ತನಕ ಓದಿನ ಗೊಡವೆಗೇ ಹೋಗದೆ, ಆಮೇಲೆ ಹಂಬಲ ಹತ್ತಿ ಮಠ ಸೇರಿದವನು. ಮುರಿಗೆಪ್ಪ ಓದಿದವರ ಮನೆಯಲ್ಲೇ ಹುಟ್ಟಿ ಬೆಳೆದವನು. ಈ ಪ್ರಶ್ನೆಯನ್ನು ಶಂಭುಲಿಂಗ ಬಹಳ ದಿನದಿಂದ ನುಂಗಿಕೊಂಡಿದ್ದ.

ಗುರುಗಳು ಕೈಯಲ್ಲಿದ್ದ ಪುಸ್ತಕ ಮುಚ್ಚಿದರು.

"ಹೊಟ್ಟೆಕಿಚ್ಚು ಅಂತ ನೇರವಾಗಿ ಹೇಳಬಾರದೇನಯ್ಯಾ? ಅದಕ್ಕೆ ನಾಲ್ಕು, ಒಂದು ಅನ್ನುವ ಲೆಕ್ಕ ಬೇರೆ! ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಶಂಭುಲಿಂಗ ಕುಳಿತ. ಗುರುಗಳು ಹೇಳತೊಡಗಿದರು.

ಒಂದೂರಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರು. ಬಡಗಿಗಳು. ಇಬ್ಬರಿಗೂ ಮದುವೆಯಾಗಿತ್ತು. ತಾಯಿಯೂ ಜೊತೆಗಿದ್ದಳು. ಎಲ್ಲರದೂ ಒಂದೇ ಮನೆ, ಒಂದೇ ಒಲೆ. ಅಣ್ಣತಮ್ಮಂದಿರ ನಡುವೆ ಒಂದು ದಿನವೂ ಜಗಳದ ಮಾತು ಬಂದದ್ದಿಲ್ಲ. ಒಬ್ಬ ಗರಗಸದ ಈ ತುದಿ ಹಿಡಿದರೆ ಇನ್ನೊಬ್ಬ ಆ ತುದಿ ಹಿಡಿಯುತ್ತಿದ್ದ, ಅಷ್ಟೇ. ಉರಿಯೆಲ್ಲ ಇದ್ದದ್ದು ತಮ್ಮನ ಹೆಂಡತಿಯ ಹೊಟ್ಟೆಯಲ್ಲಿ.

ಅವಳು ಕೆಟ್ಟವಳಲ್ಲ. ಮೈಮುರಿದು ದುಡಿಯುವವಳು. ಗಂಡನೆಂದರೆ ಪ್ರಾಣ. ಆದರೆ ವಾರಗಿತ್ತಿಯನ್ನು ಕಂಡರೆ ಆಗುತ್ತಿರಲಿಲ್ಲ. ಅತ್ತೆ ಬಡಿಸುವಾಗ ತುಪ್ಪದ ಮಿಳ್ಳೆ ಯಾರ ಅನ್ನದ ಮೇಲೆ ಎಷ್ಟು ಹೊತ್ತು ಬಗ್ಗಿತು ಎಂದು ನೋಡುತ್ತಿದ್ದಳು. ಹಿರಿಯವಳ ಇಡ್ಲಿ ಮೆತ್ತಗಾದ ದಿನ ಇವಳು ಇಡ್ಲಿಯನ್ನೇ ಮುಟ್ಟುತ್ತಿರಲಿಲ್ಲ. ಹಿರಿಯವಳಿಗೆ ನೆಗಡಿಯಾದರೆ ಇವಳಿಗೆ ಜ್ವರವೇ ಬರಬೇಕು, ಅಂಥ ಪೈಪೋಟಿ! ಹಿರಿಯವಳು ಯಾವುದಕ್ಕೂ ಎದುರಾಡುತ್ತಿರಲಿಲ್ಲ. ಇವಳಿಗೆ ಅದೂ ಉರಿಯೇ. "ನೋಡು, ದೊಡ್ಡವಳು ಅನ್ನೋ ಜಂಬ ಎಷ್ಟಿದೆ" ಎಂದು ಅಕ್ಕಪಕ್ಕದವರ ಹತ್ತಿರ ಹೇಳಿಕೊಳ್ಳುತ್ತಿದ್ದಳು.

ಒಂದು ವರ್ಷ ಅಣ್ಣತಮ್ಮಂದಿರಿಬ್ಬರಿಗೂ ಒಟ್ಟಿಗೇ ವಿಷಮಜ್ವರ ಬಂತು. ಈಗ ಟೈಫಾಯ್ಡ್ ಅನ್ನುತ್ತಾರಲ್ಲ, ಅದೇ. ಒಂದೇ ಬಾವಿಯ ನೀರು ಕುಡಿದವರಿಗೆ ಬೇರೆ ಬೇರೆ ಜ್ವರ ಎಲ್ಲಿಂದ ಬರಬೇಕು?

ಆ ಊರಲ್ಲಿ ಜ್ವರ ಬಂದವರಿಗೆ ಲಂಘನ ಹಾಕುವ ರೂಢಿ. ಲಂಘನವೆಂದರೆ ಉಪವಾಸ. ಜ್ವರ ಬಿಡುವವರೆಗೆ ಬಿಸಿನೀರು ಬಿಟ್ಟು ಬೇರೇನೂ ಕೊಡಬಾರದು. ಲಂಘನಂ ಪರಮೌಷಧಂ ಎಂದು ಹಿರಿಯರು ಹೇಳಿದ್ದಾರೆ. ಹೇಳಿದ್ದೇನೋ ಸರಿ. ಆದರೆ ಅವರು ಒಂದು ಹೊತ್ತಿಗೋ ಎರಡು ಹೊತ್ತಿಗೋ ಹೇಳಿದ್ದನ್ನು ನಾವು ತಿಂಗಳುಗಟ್ಟಲೆ ಎಳೆದರೆ ಅದು ಔಷಧವೂ ಅಲ್ಲ, ಮಣ್ಣೂ ಅಲ್ಲ.

ಹಿರಿಯವಳು ಮೂರು ದಿನ ತಡೆದಳು. ನಾಲ್ಕನೆಯ ದಿನ ಗಂಡನ ಮುಖ ನೋಡಲಾರದೆ ಗಂಜಿ ಕುಡಿಸಿದಳು. ಅತ್ತೆ ಬೈದಳು. ಬೈಸಿಕೊಂಡು ಮರುದಿನವೂ ಕುಡಿಸಿದಳು.

ಕಿರಿಯವಳಿಗೆ ಸ್ವರ್ಗ ಮೂರೇ ಗೇಣು. ಕೊನೆಗೂ ಒಂದು ವಿಷಯದಲ್ಲಿ ಅವಳ ಕೈ ಮೇಲಾಗಿತ್ತು. ನೋಡಲು ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. "ಅಕ್ಕನ ಕೈಲಿ ಮೂರು ದಿನಕ್ಕೇ ಆಗಲಿಲ್ಲ. ನಾನು ಒಂದು ಅಗುಳು ಮುಟ್ಟಿಸಿಲ್ಲ ನೋಡಿ. ಪಥ್ಯ ಅಂದ್ರೆ ಪಥ್ಯ." ಬಂದವರು ಭೇಷ್ ಅಂದರು. ಆ ಭೇಷ್ ಕೇಳುವುದಕ್ಕಾಗಿ ಇನ್ನೊಂದು ದಿನ, ಮತ್ತೂ ಒಂದು ದಿನ. ಹೀಗೆ ಇಪ್ಪತ್ತೆರಡು ದಿನ. ಗಂಡ ಬಾಯಿಯ ಕಡೆ ಕೈ ತೋರಿಸಿದರೆ, "ಇನ್ನೆರಡು ದಿನ ತಡ್ಕೊಳ್ಳಿ" ಎಂದು ಹಣೆ ಸವರುತ್ತಿದ್ದಳು. ಪ್ರೀತಿಯಿಂದಲೇ ಸವರುತ್ತಿದ್ದಳು ಕಣಯ್ಯಾ, ಅದರಲ್ಲಿ ಸುಳ್ಳಿಲ್ಲ.

ಅಣ್ಣನ ಜ್ವರ ಬಿಡಲಿಲ್ಲ. ತಮ್ಮನಿಗೆ ಕತ್ತು ಎತ್ತಲೂ ಆಗದಾಯಿತು. ಇಬ್ಬರನ್ನೂ ದೂರದ ಆಸ್ಪತ್ರೆಗೆ ಸಾಗಿಸಿದರು. ಒಂದೇ ಕೋಣೆ, ಅಕ್ಕಪಕ್ಕದ ಮಂಚ.

ಆ ಆಸ್ಪತ್ರೆಯಲ್ಲಿ ಯಾವ ರೋಗಿಗೆ ಏನು ಊಟ, ಎಷ್ಟು ಊಟ ಎಂದು ನಿಗದಿ ಮಾಡುವ ಹೆಂಗಸೊಬ್ಬಳಿದ್ದಳು. ಡಯಟಿಷಿಯನ್ ಅನ್ನುತ್ತಾರೆ. ಅವಳು ಬಂದು ಇಬ್ಬರ ತೋಳಿಗೂ ಟೇಪು ಸುತ್ತಿ ಅಳೆದಳು. ಆಮೇಲೆ, "ಊಟ ಬಿಟ್ಟು ಎಷ್ಟು ದಿನ ಆಯ್ತು?" ಎಂದು ಕೇಳಿದಳು.

"ಮೂರು ದಿನ ಬಿಟ್ಟಿದ್ರು. ಆಮೇಲೆ ಗಂಜಿ ಕುಡೀತಾ ಇದ್ರು" ಎಂದು ಹಿರಿಯವಳು ಅಳುಕಿನಿಂದ ಹೇಳಿದಳು.

ಕಿರಿಯವಳು ಸೆರಗು ಸರಿಮಾಡಿಕೊಂಡಳು. "ನಮ್ಮವರು ಇಪ್ಪತ್ತೆರಡು ದಿನ. ಒಂದು ಅಗುಳಿಲ್ಲ." ಅಲ್ಲಿಯೂ ಭೇಷ್ ಬರುತ್ತದೆಂದು ಕಾದಳು. ಬರಲಿಲ್ಲ. ಆ ಹೆಂಗಸು ಮುಖ ಗಂಟಿಕ್ಕಿ ಏನೋ ಬರೆದುಕೊಂಡು ಹೋದಳು.

ಮಧ್ಯಾಹ್ನ ಅಣ್ಣನಿಗೆ ಮೆತ್ತಗಿನ ಅನ್ನ, ತಿಳಿಸಾರು, ಮೊಸರು ಬಂತು. ತಮ್ಮನಿಗೆ ನುಂಗುವ ಶಕ್ತಿಯೇ ಇರಲಿಲ್ಲ. ಮೂಗಿನಿಂದ ಹೊಟ್ಟೆಯವರೆಗೆ ಒಂದು ಸಣ್ಣ ನಳಿಗೆ ಇಳಿಸಿದರು. ಎರಡು ಗಂಟೆಗೊಮ್ಮೆ ನರ್ಸ್ ಬಂದು ಅದರಲ್ಲಿ ಅರ್ಧ ಲೋಟ ತೆಳ್ಳಗಿನ ಆಹಾರ ಬಿಟ್ಟು ಹೋಗುತ್ತಿದ್ದಳು. ಅಷ್ಟೇ.

ಕಿರಿಯವಳು ಒಂದು ದಿನ ನೋಡಿದಳು. ಎರಡು ದಿನ ನೋಡಿದಳು. ಪಕ್ಕದ ಮಂಚಕ್ಕೆ ತಟ್ಟೆ ಬಂದಾಗಲೆಲ್ಲ ಅದರಲ್ಲಿ ಏನಿದೆ, ಎಷ್ಟಿದೆ ಎಂದು ಕತ್ತು ಚಾಚುತ್ತಿದ್ದಳು. ಹಿರಿಯವಳು, "ನೀನೂ ಎರಡು ತುತ್ತು ತಿನ್ನು ಬಾ, ನಿನ್ನೆಯಿಂದ ಏನೂ ತಿಂದಿಲ್ಲ" ಎಂದು ಕರೆದರೆ, "ನಮಗ್ಯಾಕಕ್ಕ ಊಟ, ನಾವು ಉಪವಾಸದವರು" ಎಂದು ಕುಟುಕಿದಳು. ಮೂರನೆಯ ದಿನ ಆ ಡಯಟಿಷಿಯನ್ ಹೆಂಗಸನ್ನು ಅಡ್ಡಗಟ್ಟಿ ಕೇಳಿದಳು:

"ಅವರಿಗೆ ತಟ್ಟೆ ತುಂಬ, ನಮ್ಮವರಿಗೆ ಅರ್ಧ ಲೋಟ. ಇದ್ಯಾವ ನ್ಯಾಯ? ಅವರಿಗಿಂತ ಹೆಚ್ಚು ಹಸಿದವರಲ್ವಾ ಇವರು?"

"ಹೆಚ್ಚು ಹಸಿದಿರೋದಕ್ಕೇ ಕಡಿಮೆ ಕೊಡ್ತಿರೋದಮ್ಮ" ಅಂದಳು ಅವಳು. "ಇಷ್ಟು ದಿನ ಅನ್ನ ಕಾಣದ ಮೈ ಒಳಗಿನ ಲವಣ, ಸತ್ವ ಎಲ್ಲ ಬಳಸಿ ಮುಗಿಸಿರುತ್ತೆ. ಒಮ್ಮೆಲೇ ಊಟ ಬಿದ್ರೆ, ಅದನ್ನ ಬಳಸಿಕೊಳ್ಳೋಕೆ ರಕ್ತದಲ್ಲಿ ಉಳಿದಿರೋ ಚೂರುಪಾರೂ ಖರ್ಚಾಗಿಹೋಗುತ್ತೆ. ಆಮೇಲೆ ಎದೆ ಬಡಿಯೋಕೂ ಏನೂ ಉಳಿಯಲ್ಲ. ದಿನಾ ರಕ್ತ ನೋಡಿಕೊಂಡು ಸ್ವಲ್ಪ ಸ್ವಲ್ಪ ಹೆಚ್ಚಿಸ್ತೀವಿ. ತಾಳ್ಮೆ ಇರಲಿ. ಬೇರೆ ಏನೂ ಕೊಡಬೇಡಿ."

ಇದಕ್ಕಿಂತ ಬಿಡಿಸಿ ಹೇಳಲು ಬ್ರಹ್ಮನಿಂದಲೂ ಆಗದು. ಆದರೆ ಕಿರಿಯವಳ ತಲೆಯಲ್ಲಿ ಓಡುತ್ತಿದ್ದದ್ದೇ ಬೇರೆ. ಹಿಂದಿನ ದಿನ ಹಿರಿಯವಳೂ ಈ ಹೆಂಗಸೂ ಬಾಗಿಲ ಬಳಿ ನಗುತ್ತ ಮಾತಾಡಿದ್ದನ್ನು ಅವಳು ಕಂಡಿದ್ದಳು. ಇಬ್ಬರ ತವರೂರೂ ಒಂದೇ ಎಂದು ಕಿವಿಗೆ ಬಿದ್ದಿತ್ತು. "ಓಹೋ, ಹಾಗೋ ಸಂಗತಿ" ಅಂದುಕೊಂಡಳು. ಊರಿನವಳ ಗಂಡನಿಗೆ ಅನ್ನ, ನನ್ನ ಗಂಡನಿಗೆ ಅಕ್ಕಿ ತೊಳೆದ ನೀರು!

ಅದೇ ಹೊತ್ತಿಗೆ ಅತ್ತೆ ಮಕ್ಕಳನ್ನು ನೋಡಲು ಬಂದಳು. "ದೊಡ್ಡವನ ಮುಖಕ್ಕೆ ಕಳೆ ಬಂತು. ಚಿಕ್ಕವನಿಗೆ ಯಾಕೆ ಇನ್ನೂ ಬಂದಿಲ್ಲ?" ಅಂದಳು. ಮುದುಕಿ ಮಗನ ಮೇಲಿನ ಮರುಕದಿಂದ ಅಂದ ಮಾತು. ಕಿರಿಯವಳಿಗೆ ಅದು ಕಾಸಿದ ಎಣ್ಣೆ ಹುಯ್ದಂತಾಯಿತು. ಗಂಡನ ಕಿವಿಯ ಬಳಿ ಬಾಗಿ, "ನಿಮಗೂ ಆಸೆ ಆಗುತ್ತೆ ಅಲ್ವಾ?" ಎಂದು ಕೇಳಿದಳು. ಅವನು ಕಣ್ಣು ಮುಚ್ಚಿಕೊಂಡು ಮಲಗಿದ್ದ, ಮಾತಾಡಲಿಲ್ಲ. ಅದನ್ನು ಅವಳು ಹೌದು ಎಂದು ತಿಳಿದಳು.

ಮರುದಿನ ಚೊಂಬಿನಲ್ಲಿ ರಾಗಿ ಗಂಜಿ ತಂದಳು. ಬೆಲ್ಲ, ಹಾಲು ಹಾಕಿ, ನಳಿಗೆಯಲ್ಲಿ ಇಳಿಯಬೇಕೆಂದು ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿದ್ದಳು. ನರ್ಸ್ ಹೇಗೆ ಬಿಡುತ್ತಾಳೆ ಎಂದು ಮೊದಲೇ ನೋಡಿಕೊಂಡಿದ್ದಳು. ಜಾಣೆ, ಅನುಮಾನವೇ ಇಲ್ಲ. ನರ್ಸ್ ಆಚೆ ಹೋದದ್ದೇ ತಡ, ಹಿರಿಯವಳು ಬಟ್ಟೆ ಒಗೆಯಲು ಹೋದದ್ದೇ ತಡ, ಚೊಂಬು ಖಾಲಿ ಮಾಡಿದಳು. ಸಂಜೆ ಇನ್ನೊಂದು ಚೊಂಬು. ಮರುದಿನವೂ ಹಾಗೆಯೇ. "ಅವಳ ಗಂಡನಿಗೆ ಒಂದು ತಟ್ಟೆ ಆದ್ರೆ ನನ್ನವರಿಗೆ ಎರಡು ಚೊಂಬು" ಎಂದು ಒಳಗೊಳಗೇ ಹಿಗ್ಗಿದಳು. ಆ ಎರಡು ದಿನ ಅವಳಷ್ಟು ಸುಖಿ ಆ ಆಸ್ಪತ್ರೆಯಲ್ಲಿ ಇನ್ನೊಬ್ಬರಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ತಮ್ಮನ ಕಾಲು ಊದಿತ್ತು. ಉಸಿರು ಮೇಲಕ್ಕೆ ಎಳೆಯುತ್ತಿತ್ತು. ನಾಡಿ ಒಮ್ಮೆ ಓಡುತ್ತಿತ್ತು, ಒಮ್ಮೆ ತಪ್ಪುತ್ತಿತ್ತು. ಡಾಕ್ಟರು ಓಡಿಬಂದರು.

"ಅರ್ಧ ಲೋಟಕ್ಕೆ ಹೀಗಾಗಬಾರದು" ಅಂದರು ಅವರು. "ಎದೆಯ ಕಾಯಿಲೆಯೋ, ಕಿಡ್ನಿಯದೋ, ನಂಜೇರಿತೋ ಗೊತ್ತಾಗ್ತಿಲ್ಲ. ಒಂದಕ್ಕೆ ಕೊಡೋ ಮದ್ದು ಇನ್ನೊಂದಕ್ಕೆ ಆಗಲ್ಲ. ರಕ್ತದ ವರದಿ ಬರೋವರೆಗೆ ಇವರು ತಡೆಯೋದು ಕಷ್ಟ. ಯಾರಾದ್ರೂ ಏನಾದ್ರೂ ಕೊಟ್ರಾ? ಕೊಟ್ಟಿದ್ರೆ ಈಗಲೇ ಹೇಳಿ."

ಕಿರಿಯವಳು ಬಾಯಿ ತೆರೆದಳು. ಎದುರಿಗೆ ಹಿರಿಯವಳು ನಿಂತಿದ್ದಳು. ತೆರೆದ ಬಾಯಿ ಮುಚ್ಚಿತು.

ಏನು ಹೇಳೋಣ ಇದಕ್ಕೆ! ಗಂಡನ ಉಸಿರು ಕಣ್ಣೆದುರಿಗೇ ಸಿಕ್ಕಿಕೊಳ್ಳುತ್ತಿದೆ. ನಾಲಿಗೆಯ ತುದಿಯಲ್ಲಿರುವ ಒಂದು ಮಾತಿಗೆ ಅವನು ಉಳಿದಾನು. ಆದರೆ ಆ ಮಾತನ್ನು ವಾರಗಿತ್ತಿಯ ಮುಂದೆ ಆಡಬೇಕಲ್ಲ! "ನಾನೇ ಕೈಯಾರೆ ಕೆಡಿಸಿದೆ" ಎಂದು ಅವಳ ಎದುರು ಹೇಳುವುದಕ್ಕಿಂತ ಸಾಯುವುದೇ ಮೇಲು ಅನ್ನಿಸಿತು ಕಿರಿಯವಳಿಗೆ. ಸಾಯುವುದು ತಾನಲ್ಲ, ಗಂಡ ಎಂಬುದು ಹೊಳೆಯಲಿಲ್ಲ. "ನಾನೇನೂ ಕೊಟ್ಟಿಲ್ಲ" ಅಂದುಬಿಟ್ಟಳು.

ಛೀ ಅನ್ನಬೇಡ. ಆ ಜಾಗದಲ್ಲಿ ನಿನ್ನ ನಾಲಿಗೆಯೂ ಹಾಗೆಯೇ ಹೊರಳುತ್ತಿತ್ತು, ನನ್ನದೂ ಅಷ್ಟೇ.

ಹಿರಿಯವಳು ಅವಳನ್ನೇ ನೋಡುತ್ತಿದ್ದಳು. ಬಾಯಿ ತೆರೆದದ್ದನ್ನು ನೋಡಿದಳು, ತನ್ನ ಮುಖ ಕಂಡು ಮುಚ್ಚಿದ್ದನ್ನೂ ನೋಡಿದಳು. ಒಂದೇ ಮನೆಯಲ್ಲಿ ಹತ್ತು ವರ್ಷ ಬಾಳಿದವಳು, ಇಷ್ಟೂ ತಿಳಿಯದೇ? "ಡಾಕ್ಟ್ರೇ, ನಾನು ಆಚೆ ಇರ್ತೀನಿ. ಇನ್ನೊಂದು ಸಲ ಕೇಳಿ" ಅಂದಳು. ಹೊರಗೆ ಹೋಗಿ ಬಾಗಿಲು ಮುಚ್ಚಿಕೊಂಡಳು.

ಬಾಗಿಲು ಮುಚ್ಚಿದ್ದೇ ಕಿರಿಯವಳು ಕುಸಿದು ಕುಳಿತಳು. "ರಾಗಿ ಗಂಜಿ, ಬೆಲ್ಲ ಹಾಕಿದ್ದು. ದಿನಕ್ಕೆ ಎರಡು ಚೊಂಬು, ಎರಡು ದಿನದಿಂದ. ಅವರಿಗೆ ತಟ್ಟೆ ತುಂಬ ಕೊಟ್ರಲ್ಲ, ನನ್ನ ಕೈಲಿ ತಡೆಯೋಕಾಗಲಿಲ್ಲ" ಎಂದು ಅತ್ತಳು.

ಡಾಕ್ಟರು ಬೈಯಲಿಲ್ಲ. ಬೈಯುವಷ್ಟು ಹೊತ್ತಿರಲಿಲ್ಲ. ನಳಿಗೆಯ ಆಹಾರ ನಿಲ್ಲಿಸಿದರು. ಖರ್ಚಾಗಿಹೋದ ಲವಣಗಳನ್ನು ರಕ್ತಕ್ಕೆ ಹನಿಹನಿಯಾಗಿ ಏರಿಸತೊಡಗಿದರು.

ಗುರುಗಳು ಇಲ್ಲಿಗೆ ನಿಲ್ಲಿಸಿ ನೀರು ಕುಡಿದರು. ಶಂಭುಲಿಂಗ ತಡೆಯಲಾರದೆ ಕೇಳಿದ:

"ಬದುಕಿದನೇ ಗುರುಗಳೇ?"

"ಬಾಯಿ ಹಾಕಬೇಡ ಅಂದಿದ್ದೆ. ಬದುಕಿದ. ಮೂರು ದಿನ ಈಗಲೋ ಆಗಲೋ ಅನ್ನುವಂತಿದ್ದು ಬದುಕಿದ. ಆಮೇಲೆ ಅರ್ಧ ಲೋಟವೂ ಇಲ್ಲ, ಕಾಲು ಲೋಟದಿಂದ ಶುರು ಮಾಡಿದರು. ಅಣ್ಣ ಊರಿಗೆ ಹೋಗಿ ಉಳಿ ಹಿಡಿದು ಕೂತಾಗಲೂ ತಮ್ಮ ಮಂಚದಲ್ಲೇ ಇದ್ದ. ನರ್ಸ್ ಅಳೆದುಕೊಟ್ಟ ಕಾಲು ಲೋಟವನ್ನು ಕಿರಿಯವಳೇ ಕೈಯಲ್ಲಿ ಹಿಡಿದು ಹನಿಹನಿಯಾಗಿ ಬಿಟ್ಟಳು. ಅವನು ಎದ್ದು ಕೂತು ಅನ್ನ ಉಣ್ಣುವಾಗ ಒಂದೂವರೆ ತಿಂಗಳಾಗಿತ್ತು."

ಶಂಭುಲಿಂಗನ ಮುಖ ಅರಳಿತು.

"ಅರ್ಥವಾಯಿತು ಗುರುಗಳೇ. ಮುರಿಗೆಪ್ಪ ಉಂಡ ಮನೆಯಿಂದ ಬಂದವನು. ಅವನಿಗೆ ತಟ್ಟೆ ತುಂಬ ಕೊಟ್ಟರೂ ಅರಗುತ್ತದೆ. ನಾನು ಮೂವತ್ತು ವರ್ಷ ಹಸಿದು ಬಂದವನು. ನನ್ನ ಹಸಿವು ದೊಡ್ಡದು. ಅದಕ್ಕೇ ನನಗೆ ಅರ್ಧ ಲೋಟ. ನಾನು ಆ ತಮ್ಮ, ಅಲ್ಲವೇ?"

ಹಾಗೆನ್ನುವಾಗ ಅವನ ದನಿಯಲ್ಲಿ ಹೆಮ್ಮೆಯಿತ್ತು. ಹಸಿವಿನಲ್ಲಾದರೂ ಮುರಿಗೆಪ್ಪನಿಗಿಂತ ತಾನು ಮೇಲು ಎಂಬ ಹೆಮ್ಮೆ.

ಗುರುಗಳು ಪುಸ್ತಕ ತೆರೆದರು. ತಲೆಯೆತ್ತದೆ ಕೇಳಿದರು:

"ಆ ತಮ್ಮ ಒಂದು ದಿನವಾದರೂ ಅಣ್ಣನ ತಟ್ಟೆಯ ಕಡೆ ನೋಡಿದ ಅಂತ ನಾನು ಹೇಳಿದೆನೇನಯ್ಯಾ?"