ಏಟು ತಿಂದವಳೇ ಔಟು

ದಾಕ್ಷಾಯಿಣಿ ಗಂಟು ಕಟ್ಟಿಕೊಂಡು ಹೊರಟೇಬಿಟ್ಟಿದ್ದಳು. ಆದರೆ ಹೇಳದೆ ಕೇಳದೆ ಜಾರಿಕೊಳ್ಳುವ ಪೈಕಿಯಲ್ಲ ಅವಳು. ಮುಖಕ್ಕೆ ಹೊಡೆದ ಹಾಗೆ ಹೇಳಿಯೇ ಹೋಗಬೇಕು.

ಗುರು ನಿರ್ವಾಣಯ್ಯನವರು ಹೊಳೆದಂಡೆಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದರು. ಆಶ್ರಮದ ಹುಡುಗಿಯರಿಗೆ ಪಾಠ ಹೇಳುವವರೂ ಅವರೇ, ಸಾಫ್ಟ್‌ಬಾಲ್ ಆಡಿಸುವವರೂ ಅವರೇ.

ಅವಳು ಕುಂಟುತ್ತಾ ಬಂದು ಎದುರಿಗೆ ನಿಂತಳು. ಕಾಲು ಮುಟ್ಟಿ ನಮಸ್ಕಾರ ಮಾಡಲಿಲ್ಲ.

"ನಾನು ಹೋಗ್ತಿದ್ದೀನಿ."

"ಕಾಲು ಹೇಗಿದೆ ತಾಯಿ?"

"ಕಾಲಿನ ಸುದ್ದಿ ಬೇಡ ಗುರುಗಳೇ. ನ್ಯಾಯದ ಸುದ್ದಿ ಹೇಳಿ."

ಎಡಗಾಲಿನ ಗಿಣ್ಣು ಬದನೆಕಾಯಿಯ ಹಾಗೆ ಊದಿ ನೀಲಿಗಟ್ಟಿತ್ತು. ಅದಕ್ಕಿಂತ ಹೆಚ್ಚು ನೋಯುತ್ತಿದ್ದದ್ದು ಸೋಲು.

ನಿನ್ನೆ ಪಟ್ಟಣದ ತಂಡದ ಮೇಲೆ ಪಂದ್ಯ. ಗೆದ್ದಿದ್ದರೆ ರಾಜ್ಯಮಟ್ಟ. ಆಶ್ರಮದ ಹುಡುಗಿಯರು ಅಲ್ಲಿಯವರೆಗೆ ಹೋದದ್ದೇ ಇಲ್ಲ. ದಾಕ್ಷಾಯಿಣಿಗೆ ಇದು ಕಡೆಯ ವರ್ಷ, ಇದು ತಪ್ಪಿದರೆ ವಯಸ್ಸು ಮೀರಿತು.

ಒಂದೇ ಒಂದು ಓಟ ಹಿಂದಿದ್ದರು. ಅವಳು ಎರಡನೇ ಬೇಸಿನ ಚೌಕ ಬಿಟ್ಟು ಮೂರನೆಯದರ ಕಡೆ ಓಡುತ್ತಿದ್ದಳು. ಬ್ಯಾಟು ಹಿಡಿದಿದ್ದವಳು ಅವಳದೇ ಗೆಳತಿ ನೀಲಾ. ನೀಲಾ ಬೀಸಿ ಹೊಡೆದಳು. ಚೆಂಡು ನೆಲ ಹಿಡಿದು ಬುಸುಗುಟ್ಟುತ್ತಾ ಬಂತು. ಬಂದು ಬಡಿದದ್ದು ನೇರ ದಾಕ್ಷಾಯಿಣಿಯ ಗಿಣ್ಣಿಗೆ.

ಅಂಪೈರು ಕೈಯೆತ್ತಿ ಔಟ್ ಎಂದರು. ಮುಂದೆ ಬಂದವಳು ಹೊಡೆದದ್ದು ಎದುರಾಳಿಯ ಕೈಗೇ ಹೋಯಿತು. ಅಲ್ಲಿಗೆ ಎಲ್ಲ ಮುಗಿಯಿತು.

"ಏಟು ತಿಂದವಳು ನಾನು, ಔಟಾದವಳೂ ನಾನು! ಹೊಡೆದ ನೀಲಾಗೆ ಕರೆದು ಮೊದಲನೇ ಬೇಸು ಕೊಟ್ಟರು! ಇದು ಯಾವ ಸೀಮೆ ನ್ಯಾಯ ಗುರುಗಳೇ?"

"ನಿನ್ನ ಕಾಲು ಬೇಸಿನ ಮೇಲಿತ್ತೇ?"

"ಇಲ್ಲ."

"ಚೆಂಡು ಎದುರಾಳಿಗಳಲ್ಲಿ ಯಾರನ್ನಾದರೂ ಮುಟ್ಟಿತ್ತೇ? ದಾಟಿತ್ತೇ?"

"ಇಲ್ಲ."

"ಹಾಗಾದರೆ ಔಟೇ. ಬೇಸು ಬಿಟ್ಟು ಓಡುವವಳಿಗೆ ಹೊಡೆದ ಚೆಂಡು ತಾಗಿದರೆ ಅವಳೇ ಔಟು, ಹೊಡೆದವಳಿಗೆ ಒಂದು ಬೇಸು. ಬೇಕೆಂದು ತಾಗಿಸಿಕೊಂಡೆಯೋ, ತಾನಾಗಿ ತಾಗಿತೋ, ಅದನ್ನು ನಿಯಮ ಕೇಳುವುದಿಲ್ಲ."

"ನಿಯಮ ನನಗೂ ಗೊತ್ತು!" ದಾಕ್ಷಾಯಿಣಿ ಗಂಟನ್ನು ನೆಲಕ್ಕೆ ಕುಕ್ಕಿದಳು. "ಓಡ್ತಿದ್ದವಳು ನಾನ್ಯಾಕೆ ನಿಂತೆ? ಅದನ್ನು ಹೇಳಿ."



ಆ ಹೊಳೆಯಲ್ಲಿ ಸುಳಿಗಳಿದ್ದವು. ನೀರಿಗಿಳಿಯುವ ಹುಡುಗಿಯರಿಗೆ ಗುರುಗಳು ಮೊದಲು ಕಲಿಸುತ್ತಿದ್ದ ಪಾಠ ಒಂದೇ. ನನ್ನ ದನಿ ಕೇಳಿತೋ, ಇದ್ದಲ್ಲೇ ನಿಲ್ಲು. ನೀರಿನಲ್ಲಿ ಶುರುವಾದ ಪಾಠ ಬರುಬರುತ್ತಾ ಅಂಗಳಕ್ಕೆ ಬಂತು, ಅಡುಗೆಮನೆಗೂ ಬಂತು. ಗುರುಗಳು ಕರೆದರೆ ಕಾಲು ಜೋಡಿಸಿ, ಕೈಮುಗಿದು ನಿಲ್ಲಬೇಕು. ಹೆಂಚಿನ ಮೇಲೆ ರೊಟ್ಟಿ ಸೀದು ಕರಕಲಾದರೂ ಸರಿಯೇ. ಹೊಳೆ ಯಾರನ್ನೂ ನುಂಗಿರಲಿಲ್ಲ, ಅದೂ ನಿಜ.

ನಿನ್ನೆ ಓಡುವವರಿಗೆ ದಾರಿ ಹೇಳಲು ಮೂರನೇ ಬೇಸಿನ ಪಕ್ಕ ನಿಂತಿದ್ದ ಗುರುಗಳು ಒಮ್ಮೆಲೇ ಕೂಗಿದ್ದರು, "ದಾಕ್ಷಾಯಿಣೀ!"

ಅವಳು ನಿಂತಳು. ಕಾಲು ಜೋಡಿಸಿ, ಕೈಮುಗಿದು.

ಪಟ್ಟಣದ ಜನ ಬಿದ್ದು ಬಿದ್ದು ನಕ್ಕರು. "ನೋಡ್ರೋ, ಚೆಂಡಿಗೆ ನಮಸ್ಕಾರ ಹಾಕ್ತಿದ್ದಾಳೆ!"

ಆ ನಗು ಇನ್ನೂ ಅವಳ ಕಿವಿಯಲ್ಲಿತ್ತು.

"ನೀವು ಕೂಗಿದಿರಿ, ನಾನು ನಿಂತೆ. ಔಟಾದವಳು ನಾನು, ನಗೆಪಾಟಲಾದವಳು ನಾನು. ನಿಮಗೇನಾಯ್ತು? ಪಂಚೆಯ ಅಂಚಿಗೆ ಧೂಳೂ ತಾಗಲಿಲ್ಲ!"

ಬೇರೆ ದಿನವಾಗಿದ್ದರೆ ಇಷ್ಟು ಮಾತಿಗೆ ಅವಳ ನಾಲಿಗೆ ಸೇದಿಹೋಗುತ್ತಿತ್ತು. ಇವತ್ತು ಹೋಗಲಿಲ್ಲ.

ಗುರುಗಳು ಸುಣ್ಣದ ಡಬ್ಬ ಕೆಳಗಿಟ್ಟರು. ಮೂಲೆಯಲ್ಲಿದ್ದ ಬ್ಯಾಟನ್ನೂ ಚೆಂಡನ್ನೂ ತಂದು ಅವಳ ಕೈಗಿಟ್ಟರು.

"ಹೊಡಿ."

"ಏನು?"

"ನಾನು ಓಡ್ತೀನಿ. ನೀನು ಹೊಡಿ."

ಪಂಚೆ ಎತ್ತಿ ಕಟ್ಟಿ ಮುದುಕರು ಎರಡನೇ ಬೇಸಿಗೆ ನಡೆದರು. ದಾಕ್ಷಾಯಿಣಿಗೆ ಮೈಯೆಲ್ಲ ಉರಿದುಹೋಯಿತು. ನ್ಯಾಯ ಕೇಳಲು ಬಂದರೆ ಆಟ ಆಡಿಸ್ತಾರಲ್ಲ! ಸರಿ, ಆಗಲಿ. ಚೆಂಡನ್ನು ತಾನೇ ಚಿಮ್ಮಿ, ನಿನ್ನೆಯಿಂದ ನುಂಗಿಕೊಂಡಿದ್ದ ಸಿಟ್ಟನ್ನೆಲ್ಲ ಕೂಡಿಸಿ ಬೀಸಿದಳು.

ಚೆಂಡು ನೆಲ ಹಿಡಿದು ಓಡಿತು. ಗುರುಗಳೂ ಓಡುತ್ತಿದ್ದರು. ಎರಡೂ ಎಲ್ಲಿ ಕೂಡುತ್ತವೆ ಎಂಬುದು ಅವಳಿಗೆ ಆ ಕ್ಷಣ ಕಂಡಿತು. ಬ್ಯಾಟು ಕೈಜಾರಿತು.

"ಗುರುಗಳೇ!"

ಗುರುಗಳು ನಿಂತರು. ಕಾಲು ಜೋಡಿಸಿ, ಅವಳ ಕಡೆ ತಿರುಗಿ, ಕೈಮುಗಿದು.

ಚೆಂಡು ಅವರ ಗಿಣ್ಣಿಗೆ ಬಡಿದ ಸದ್ದು ಇಲ್ಲಿಯವರೆಗೆ ಕೇಳಿಸಿತು.

ದಾಕ್ಷಾಯಿಣಿ ಕುಂಟುತ್ತಲೇ ಓಡಿದಳು. ಗುರುಗಳು ನೆಲಕ್ಕೆ ಕೂತು ಹಲ್ಲು ಕಚ್ಚಿ ಕಾಲು ಹಿಡಿದುಕೊಂಡಿದ್ದರು. ಅಯ್ಯೋ ಅನ್ನಬೇಕಾದ ಬಾಯಲ್ಲಿ ಸಿಟ್ಟೇ ಬಂತು.

"ತಲೆ ನೆಟ್ಟಗಿದೆಯಾ ನಿಮಗೆ? ಯಾಕೆ ನಿಂತಿರಿ?"

"ಕರೆದೆಯಲ್ಲ."

"ಚೆಂಡು ಬರ್ತಿದೆ ಅಂತ ಕರೆದೆ!"

"ನಾನೂ ಅದಕ್ಕೇ ಕರೆದದ್ದು."

ಅವಳಿಗೆ ಅಳು ಬಂತು. ಅಳು ಬಂತೆಂದು ಇನ್ನಷ್ಟು ಸಿಟ್ಟು ಬಂತು. ಕಣ್ಣೊರೆಸಿಕೊಂಡು ಕೈ ಚಾಚಿದಳು. ಗುರುಗಳು ಅದನ್ನು ಹಿಡಿದು ಎದ್ದರು.

"ಈಗ ಔಟು ಯಾರು?"

"ನೀವು."

"ಹೊಡೆದವಳಿಗೆ?"

"ಒಂದು ಬೇಸು."

ಗುರುಗಳು ಕುಂಟಿಕೊಂಡು ಗೆರೆಯಾಚೆಗೆ ಹೋದರು. ಅಲ್ಲೊಂದು ಚಪ್ಪಡಿ ಕಲ್ಲಿತ್ತು. ಔಟಾದ ಹುಡುಗಿಯರು ಕೂರುವ ಜಾಗ. ಅದರ ಮೇಲೆ ಕೂತು, ಮೂರನೇ ಬೇಸಿನ ಪಕ್ಕದ ತಮ್ಮ ಜಾಗದ ಕಡೆ ಕೈ ತೋರಿಸಿದರು.

"ಅದು ಇನ್ನು ನಿನ್ನದು. ಹೋಗಿ ನಿಲ್ಲು."

"ನಾನು ಹೊರಟೆ ಅಂದೆನಲ್ಲ!"

"ಹೊರಡು. ಈಗ ಹುಡುಗಿಯರು ಬರ್ತಾರೆ. ನಾನು ನೀಲಾನ ಕೂಗ್ತೀನಿ. ಅವಳೂ ನಿಲ್ತಾಳೆ."

ದಾಕ್ಷಾಯಿಣಿ ಅವರನ್ನು ದುರುಗುಟ್ಟಿ ನೋಡಿದಳು. ನೀಲಾಗೆ ಆಡಲು ಇನ್ನೂ ಒಂದು ವರ್ಷ ಬಾಕಿಯಿತ್ತು.

ಅಷ್ಟರಲ್ಲಿ ಹುಡುಗಿಯರು ಬಂದರು. ಕಲ್ಲಿನ ಮೇಲೆ ಕೂತ ಗುರುಗಳನ್ನು ಕಂಡು ಎಲ್ಲರಿಗೂ ದಿಗಿಲು. ನೀಲಾ ಹಿಂದೆ ಹಿಂದೆ ಸರಿದಳು. ನಿನ್ನೆಯಿಂದ ಗೆಳತಿಯರಿಬ್ಬರಿಗೂ ಮಾತಿಲ್ಲ.

ದಾಕ್ಷಾಯಿಣಿ ಗಂಟನ್ನೆತ್ತಿಕೊಂಡಳು. ನಾಲ್ಕು ಹೆಜ್ಜೆ ನಡೆದಳು. ಆಮೇಲೆ ಅದನ್ನು ಮೂರನೇ ಬೇಸಿನ ಪಕ್ಕಕ್ಕೆ ಎಸೆದು, ಅಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಳು.

"ನೀಲಾ, ಎರಡನೇ ಬೇಸಿಗೆ ಹೋಗೇ. ಅಲ್ಲಿಂದ ಇಲ್ಲಿಗೆ ಓಡು. ಯಾರು ಕೂಗಿದರೂ ನಿಲ್ಲಬೇಡ."

ನೀಲಾ ಹೋದಳು. ಓಡಿದಳು. ಅರ್ಧ ದಾರಿಗೆ ಬಂದಿರಲಿಲ್ಲ, ಕಲ್ಲಿನ ಮೇಲಿನಿಂದ ಗುಡುಗಿದ ಹಾಗೆ ದನಿ ಬಂತು.

"ನೀಲಾ!"

ನೀಲಾ ನಿಂತಳು. ಕಾಲು ಜೋಡಿಸಿದಳು. ಕೈಮುಗಿದಳು.

ದಾಕ್ಷಾಯಿಣಿಗೆ ಎಲ್ಲಿತ್ತೋ ಅಷ್ಟು ಕೋಪ! ನಿನ್ನೆ ತಾನು ಹೇಗೆ ಕಂಡಿರಬೇಕೆಂದು ಈಗ ಕಣ್ಣಾರೆ ಕಂಡಿತ್ತು.

"ಓಡೇ!" ಎಂದು ಕಿರುಚಿದಳು. "ಗುರುಗಳು ಎಲ್ಲಿಗೂ ಓಡಿಹೋಗಲ್ಲ, ಆಮೇಲೆ ಕೈಮುಗಿಯುವೆಯಂತೆ! ಚೆಂಡು ಬಂದು ಕಾಲು ಮುರಿಯುತ್ತೆ. ಓಡೇ, ಓಡು!"

ನೀಲಾ ಗುರುಗಳ ಕಡೆ ನೋಡಿದಳು, ಗೆಳತಿಯ ಊದಿದ ಗಿಣ್ಣಿನ ಕಡೆ ನೋಡಿದಳು. ಮುಗಿದ ಕೈ ಬಿಚ್ಚಿಕೊಂಡಿತು.

"ನಿಲ್ಲು!" ಗುರುಗಳು ಮತ್ತೆ ಗುಡುಗಿದರು.

ನೀಲಾ ಓಡಿದಳು. ಓಡಿಬಂದು ಮೂರನೇ ಬೇಸು ತುಳಿದು, ಏದುಸಿರು ಬಿಡುತ್ತಾ ದಾಕ್ಷಾಯಿಣಿಯ ಹೆಗಲು ಹಿಡಿದುಕೊಂಡಳು. ಉಳಿದ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದರು.

ದಾಕ್ಷಾಯಿಣಿ ಕಲ್ಲಿನ ಕಡೆ ತಿರುಗಿದಳು. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಗುರುಗಳು ಗಿಣ್ಣು ನೀವಿಕೊಳ್ಳುತ್ತಾ ಹೇಳಿದರು, "ನನ್ನ ಮಾತು ಕೇಳದವಳು ಒಬ್ಬಳಾದಳು. ಮುಂದಿನವಳನ್ನು ಕರಿ."